ಬರಹದ ತೊಡಕು ಬಿಡಿಸಿದವರು



ಕಚೇರಿಯಲ್ಲಿ ಇಂಗ್ಲಿಷ್, ಹಿಂದಿ. ಬೀದಿಯಲ್ಲಿ ತೆಲುಗು, ಉರ್ದು. ಕನ್ನಡ ಬರೆಯಲು ನಮಗೆ ಉಳಿದಿದ್ದುದು ಮನೆಯ ಗಣಕಯಂತ್ರ. ಅದರಲ್ಲಿ ಕನ್ನಡ ಮೂಡಿಸಿದವರ ಪೈಕಿ ಶೇಷಾದ್ರಿವಾಸು ಅವರನ್ನು ಇಂದು ನೆನೆಯುತ್ತೇನೆ. ಸ್ವಂತ ಆಸಕ್ತಿಯಿಂದ ಅವರು ರಚಿಸಿದ ‘ಬರಹ’ ತಂತ್ರಾಂಶ 1998ರಲ್ಲಿ ಉಚಿತವಾಗಿ ಹೊರಬಂತು.

ಸಲಕರಣೆಯೊಡನೆ ತೊಡಕೂ ಬಂತು. ನಾನಿಲ್ಲಿಂದ ಧಾರವಾಡದ ಗೆಳೆಯನಿಗೆ ಕಳುಹಿಸಿದ ಲೇಖನ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಂಡಿತು. ಅಂದಿನ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಅದೇ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ನಮ್ಮ ಮೇಜಿಗೆ ಬರಲು ವರ್ಷಗಳೇ ಹಿಡಿದವು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವನ್ನೂ ಮುಂದೆ ‘ಬರಹ’ವೇ ಒದಗಿಸಿತು. ಕೊಟ್ಟು ಕೈತೊಳೆದುಕೊಳ್ಳದೆ ಬಳಸುವವರ ತೊಡಕನ್ನೂ ತನ್ನದೆಂದುಕೊಂಡ ಈ ನಡೆ, ಕಡತ ಮುಂದೂಡುವುದನ್ನೇ ಕಲಿತ ನನ್ನಂಥ ಸರ್ಕಾರಿ ನೌಕರನಿಗೆ ನಾಚಿಕೆ ತರಿಸುತ್ತದೆ.

ನಮ್ಮ ಸಂಘದ ಹಳೆಯ ಸಂಚಿಕೆಗಳು ಇನ್ನೂ ಆ ಫಾಂಟಿನಲ್ಲೇ ಸೆರೆಯಾಗಿವೆ. ನನ್ನಲ್ಲಿದ್ದ ನಾಲ್ಕನ್ನು ಪರಿವರ್ತಿಸಿದ್ದೇನೆ. ಒತ್ತಕ್ಷರಗಳಲ್ಲಿ, ಅರ್ಕಾವತ್ತಿನಲ್ಲಿ ತಪ್ಪುಗಳು ಉಳಿದಿವೆ. ಅದನ್ನು ಯಂತ್ರ ಕಾಣದು, ಕನ್ನಡ ಬಲ್ಲ ಕಣ್ಣೇ ಬೇಕು. ಬರುವ ಭಾನುವಾರ ಬೆಳಿಗ್ಗೆ ತಿದ್ದಲು ನಾಲ್ಕು ಜನರಾದರೂ ನಮ್ಮ ಮನೆಗೆ ಬನ್ನಿ, ಕಾಫಿಗೆ ಕೊರತೆಯಾಗದು.