ಮನಸ್ಸಿನ ಕದ ಮತ್ತು ಒಂದು ಮರದ ಬೆಂಚು
(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮನಃಶಾಂತಿಯ ವಿಷಯವಾಗಿ ಹತ್ತು ನಿಮಿಷ ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂತು. ಶಾಂತಿಯ ವಿಚಾರ ಹೇಳತಕ್ಕವರು ಸ್ವಾಮಿಗಳು, ಪಂಡಿತರು. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತಗಿರಿಗೆ ಸೇರಿದವನು. ಸಂಜೆ ಲೆಕ್ಕ ತಾಳೆಯಾದರೆ ಆ ದಿನದ ಮಟ್ಟಿಗೆ ಅದೇ ನನ್ನ ಶಾಂತಿ. ಆದರೂ ಕೌಂಟರಿನ ಹಿಂದೆ ಕುಳಿತವನಿಗೆ ದಿನವೂ ನೂರು ಮುಖ ಕಾಣುತ್ತವಷ್ಟೆ. ಆ ಧೈರ್ಯದಿಂದ ಒಪ್ಪಿಕೊಂಡೆ.

ನವೆಂಬರ್ ನಮಗೆಲ್ಲ ರಾಜ್ಯೋತ್ಸವದ ತಿಂಗಳು. ಬ್ಯಾಂಕಿನವರಿಗೆ ಅದು ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುವ ತಿಂಗಳೂ ಹೌದು. 2014ರಿಂದ ಈ ಕೆಲಸವನ್ನು ಯಂತ್ರದ ಮೂಲಕ ಮಾಡುವ ಏರ್ಪಾಡಿದೆ. ಈಗಂತೂ ಮನೆಯಲ್ಲೇ ಕುಳಿತು ಫೋನಿಗೆ ಮುಖ ತೋರಿಸಿದರೆ ಸಾಕು. ಆದರೂ ಹಿರಿಯರು ಕೊಡೆ ಹಿಡಿದು, ಮೆಟ್ಟಿಲು ಹತ್ತಿ ಬರುತ್ತಾರೆ. ಸಹಿಗೆ ಅರ್ಧ ನಿಮಿಷ. ಮಂಡಿನೋವು, ಮಗನ ವರ್ಗ, ತೀರಿಹೋದ ಯಜಮಾನಿತಿಯ ಮಾತು ಇವಕ್ಕೆ ಹತ್ತು ನಿಮಿಷ. ಹಿಂದಿನ ಸಾಲು ಗೊಣಗುತ್ತದೆ, ಮ್ಯಾನೇಜರು ಗಡಿಯಾರ ನೋಡುತ್ತಾರೆ. ಅವರು ಬಂದದ್ದು ಆ ಹತ್ತು ನಿಮಿಷಕ್ಕಾಗಿ ಎಂಬುದು ನನ್ನ ಬಲವಾದ ನಂಬಿಕೆ.

ಈ ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದ ನಮ್ಮ ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದರು. ಆ ಫಾರ್ಮಿನ ತುದಿಯಲ್ಲಿ ನಾಲ್ಕು ಮಾತು ಬರೆಯಲು ಸ್ವಲ್ಪ ಜಾಗವಿತ್ತು. ಅಲ್ಲಿ ಏನು ಬರೆಯುತ್ತಿದ್ದರು? “ನಾನು ಕ್ಷೇಮ.” ಜ್ವರ ಬಂದಿದ್ದರೂ ಕ್ಷೇಮ, ಕೆಲಸ ಹೋಗಿದ್ದರೂ ಕ್ಷೇಮ. ತಾಯಿಗೆ ನೋವಾಗಬಾರದೆಂಬ ಆ ಸುಳ್ಳನ್ನು ನಾನು ಹಳಿಯುವುದಿಲ್ಲ. ಆದರೆ ಅವರಿಗೆ ಕೊಠಡಿ ತುಂಬ ಜೊತೆಯವರಿದ್ದರು; ಊರಿಗೆ ಬರೆಯದ ಮಾತನ್ನು ರಾತ್ರಿ ಚಾಪೆಯ ಮೇಲೆ ಮಲಗಿ ಪಕ್ಕದವನಿಗೆ ಹೇಳುತ್ತಿದ್ದರು. ಈಗ ಹಣ ಕ್ಷಣದಲ್ಲಿ ಊರು ಮುಟ್ಟುತ್ತದೆ, “ಕ್ಷೇಮ” ಎಂಬುದೂ ಹೆಬ್ಬೆರಳಿನ ಒಂದು ಚಿತ್ರವಾಗಿದೆ. ಪಕ್ಕದ ಚಾಪೆ ಮಾತ್ರ ಇಲ್ಲ.

ಇಲ್ಲಿ ನಿಮ್ಮನ್ನು ಸ್ವಲ್ಪ ದೂರ, ಆಫ್ರಿಕಾ ಖಂಡದ ಜಿಂಬಾಬ್ವೆ ದೇಶಕ್ಕೆ ಕರೆದೊಯ್ಯಬೇಕಾಗಿದೆ. ಅಲ್ಲಿಯ ರಾಜಧಾನಿ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರಿದ್ದಾರೆ. ಕೋಟಿಗೂ ಮಿಕ್ಕ ಜನರ ಆ ದೇಶದಲ್ಲಿ ಆಗ ಮನೋವೈದ್ಯರು ಇಪ್ಪತ್ತಕ್ಕಿಂತ ಕಡಿಮೆ. ಅವರ ರೋಗಿಯೊಬ್ಬಳು ಬಸ್ಸಿನ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಪ್ರಾಣ ಕಳೆದುಕೊಂಡಳು. ರೋಗಿ ವೈದ್ಯನ ಬಳಿಗೆ ಬರಲಾರದಿದ್ದರೆ ಔಷಧವೇ ಬೀದಿಗೆ ಹೋಗಬೇಡವೇ ಎಂದು ಆ ವೈದ್ಯರು ಚಿಂತಿಸಿದರು. ಅವರಿಗೆ ಕಟ್ಟಡ ಸಿಗಲಿಲ್ಲ, ದಾದಿಯರೂ ಸಿಗಲಿಲ್ಲ. ಸಿಕ್ಕವರು ಆರೋಗ್ಯ ಇಲಾಖೆಗಾಗಿ ಮನೆಮನೆ ತಿರುಗುತ್ತಿದ್ದ 14 ಮಂದಿ ಅಜ್ಜಿಯರು. 2006ರಲ್ಲಿ ಎಂಬಾರೆ ಎಂಬ ಬಡವರ ಬಡಾವಣೆಯಲ್ಲಿ ಕೆಲಸ ಆರಂಭವಾಯಿತು. ಚಿಕಿತ್ಸಾಲಯದ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ಒಬ್ಬ ಅಜ್ಜಿ.

ವೈದ್ಯರು ಅದಕ್ಕೆ ಮೊದಲು “ಮಾನಸಿಕ ಆರೋಗ್ಯದ ಬೆಂಚು” ಎಂದು ಹೆಸರಿಡಹೊರಟಿದ್ದರಂತೆ. ಹಾಗೆಂದರೆ ಯಾರೂ ಬಂದು ಕೂರುವುದಿಲ್ಲವೆಂದು ಅಜ್ಜಿಯರೇ ತಿದ್ದಿ, “ಗೆಳೆತನದ ಬೆಂಚು” ಎನ್ನಿಸಿದರು. ಪಂಡಿತರಿಗೆ ಹೊಳೆಯದ್ದು ಅಜ್ಜಿಗೆ ಹೊಳೆಯುವುದು ನಮ್ಮ ಮನೆಗಳಲ್ಲೂ ಹೊಸದಲ್ಲ. ಅವರ ಶೋನಾ ಭಾಷೆಯಲ್ಲಿ ಈ ಬೇನೆಗೆ “ಕುಫುಂಗಿಸಿಸ” ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದರ್ಥ. ನಾವು “ಮನಸ್ಸಿಗೆ ಹಚ್ಚಿಕೊಂಡಿದ್ದಾನೆ” ಎನ್ನುವುದಿಲ್ಲವೇ, ಹಾಗೆ. ಚಿಕಿತ್ಸೆಗೆ ಮೂರು ಹಂತ: ಮನಸ್ಸನ್ನು ತೆರೆಯುವುದು, ಮೇಲಕ್ಕೆತ್ತುವುದು, ಗಟ್ಟಿಮಾಡುವುದು. ಬಂದವರು ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಅವುಗಳಲ್ಲಿ ಒಂದನ್ನು ಅವರೇ ಆರಿಸುತ್ತಾರೆ. ಅದಕ್ಕೆ ಈ ವಾರ ಏನು ಮಾಡಬಹುದೆಂದು ಇಬ್ಬರೂ ಕೂಡಿ ಗೊತ್ತುಮಾಡುತ್ತಾರೆ. ಉಪದೇಶ ಮಾಡಕೂಡದೆಂದು ಅಜ್ಜಿಯರಿಗೆ ತರಬೇತಿಯಿದೆ. ಈ ಒಂದು ನಿಯಮವನ್ನು ನಮ್ಮ ಸಂಘದ ಸದಸ್ಯರು ಪಾಲಿಸಬಲ್ಲರೇ ಎಂಬ ಶಂಕೆ ನನಗಿದೆ!

ಇದು ಬರಿಯ ಸದ್ಭಾವನೆಯ ಕಥೆಯಲ್ಲ. ಹರಾರೆಯ 24 ಚಿಕಿತ್ಸಾಲಯಗಳಲ್ಲಿ 573 ಮಂದಿಯನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಉಳಿದಿದ್ದವರು ನೂರಕ್ಕೆ ಸುಮಾರು 50; ಬೆಂಚಿನ ಪಂಗಡದಲ್ಲಿ ಸುಮಾರು 14. ಲೆಕ್ಕದವನಾದ ನನಗೆ ಈ ಅಂಕಿಗಳ ಮುಂದೆ ಬೇರೆ ವಾದ ಬೇಕೆನಿಸುವುದಿಲ್ಲ. ಬೆಂಚಿನಿಂದ ಎದ್ದವರು ಒಂದು ಕೂಟ ಸೇರುತ್ತಾರೆ. ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತ ಮಾತು ಮುಂದುವರಿಸುತ್ತಾರೆ. ಕೈಗೆ ನಾಲ್ಕು ಕಾಸೂ ಬರುತ್ತದೆ.

ನಮ್ಮಲ್ಲಿ ಅರಳಿಕಟ್ಟೆ ಇತ್ತು, ಜಗಲಿ ಇತ್ತು, ಚಾಳಿನ ಗ್ಯಾಲರಿ ಇತ್ತು, ಹೊಸದೇನು ಎಂದು ಕೆಲವರು ಕೇಳಬಹುದು. ಇತ್ತು, ನಿಜ. ಆದರೆ ಕಟ್ಟೆಯ ಮೇಲೆ ಹೇಳಿದ ಗುಟ್ಟು ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹಾಗಾಗಿಯೇ ಮಾನಕ್ಕಂಜುವವನು ಕಟ್ಟೆಯ ಮೇಲೂ ಹವಾಮಾನದ ಮಾತನ್ನೇ ಆಡುತ್ತಿದ್ದ. ಮನಸ್ಸು ತೆರೆಯಬೇಕಾದರೆ ಕೇಳುವವನ ಬಾಯಿ ಭದ್ರವಾಗಿರಬೇಕು.

ನಾವಿರುವ ಕಟ್ಟಡದಲ್ಲೇ ಒಬ್ಬ ತರುಣ, ನಮ್ಮ ಕಡೆಯವನು, ಕೆಲಸ ಹೋಗಿ ನಾಲ್ಕು ತಿಂಗಳು ದಿನವೂ ಡಬ್ಬಿ ಹಿಡಿದು ಎಂಟಕ್ಕೆ ಹೊರಟು, ಉದ್ಯಾನದಲ್ಲಿ ಕುಳಿತು, ಸಂಜೆ ಏಳಕ್ಕೆ ಮರಳುತ್ತಿದ್ದ. ಹೆಂಡತಿಗೆ ಗೊತ್ತಿಲ್ಲ, ನಮಗಾರಿಗೂ ಗೊತ್ತಿಲ್ಲ. ಅದೇ ಅಂತಸ್ತಿನ ಒಬ್ಬ ಮುದುಕಿ ಒಂದು ದಿನ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ, “ಡಬ್ಬಿಯ ಊಟ ಹಾಗೆಯೇ ವಾಪಸು ಬರುತ್ತಿದೆಯಲ್ಲ, ಮಗ” ಎಂದು ಸುಮ್ಮನಾದಳು. ಆತ ಅಲ್ಲೇ ಕುಳಿತು ಅತ್ತನಂತೆ. ಕೆಲಸ ಸಿಕ್ಕಿದ್ದು ಅದಾಗಿ ಎರಡು ತಿಂಗಳಿಗೆ. ಆದರೆ ನಿದ್ದೆ ಬಂದದ್ದು ಆ ರಾತ್ರಿಯೇ ಎಂದು ಅವನೇ ನನಗೆ ಹೇಳಿದ. ಈ ಸಂಗತಿಯನ್ನು ಇಲ್ಲಿ ಆಡಲು ಅವನ ಒಪ್ಪಿಗೆಯಿದೆ.

ಒಂದು ಎಚ್ಚರಿಕೆಯ ಮಾತೂ ಇರಲಿ. ಬೆಂಚು ಎಲ್ಲಕ್ಕೂ ಮದ್ದಲ್ಲ. ಅಜ್ಜಿಯರು 14 ಪ್ರಶ್ನೆಗಳ ಪಟ್ಟಿಯಿಂದ ಬೇನೆಯನ್ನು ಅಳೆದು, ಪ್ರಾಣಕ್ಕೆ ಅಪಾಯವೆಂದು ಕಂಡರೆ ವೈದ್ಯರ ಬಳಿಗೆ ಕಳುಹಿಸುತ್ತಾರೆ. ನಮ್ಮ ಸರಕಾರ 2022ರ ಅಕ್ಟೋಬರಿನಲ್ಲಿ ತೆರೆದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಿದೆ, ಕನ್ನಡದಲ್ಲೂ ಮಾತಾಡಬಹುದು. ಗೋಡೆಯ ಮೇಲೆ ಬರೆದಿಡಿ.

ಕೊನೆಗೆ ನನ್ನ ಕೋರಿಕೆ. ನಮ್ಮ ವಾಚನಾಲಯದ ಹೊರಗೆ ಕಿಟಕಿಯ ಪಕ್ಕ ಆರಡಿ ಜಾಗ ಖಾಲಿಯಿದೆ. ಈಗ ಅಲ್ಲಿ ಮುರಿದ ಕುರ್ಚಿಗಳಿವೆ. ಅವನ್ನು ತೆಗೆಸಿ ಒಂದು ಬೆಂಚು ಹಾಕಿಸೋಣ. ಶನಿವಾರ ಸಂಜೆ ಎರಡು ಗಂಟೆ, ಸರದಿಯ ಮೇಲೆ ಒಬ್ಬೊಬ್ಬ ಹಿರಿಯರು ಕೂರಲಿ. ಹೇಗೆ ಕೇಳಬೇಕೆಂಬುದನ್ನು ತಿಳಿದ ವೈದ್ಯರಿಂದ ಮೊದಲು ಕಲಿಯಲಿ. ನಾಲ್ವರು ತಾಯಂದಿರು ಆಗಲೇ ಒಪ್ಪಿದ್ದಾರೆ, ಗಂಡಸರಲ್ಲಿ ಇನ್ನೂ ಯಾರೂ ಮುಂದೆ ಬಂದಿಲ್ಲ. ಬೆಂಚಿನ ಖರ್ಚಿಗೆ ಖಜಾಂಚಿಗಳು ಹಿಂಜರಿಯುವುದಾದರೆ ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳಲಿ.