ಸಾರುವೆಗೂ ಒಂದು ಸಂಘ ಬೇಕು, ಆ ಸಂಘಕ್ಕೆ ಕನ್ನಡ ಬೇಕು

(ರಾಜ್ಯೋತ್ಸವದ ಅಂಗವಾಗಿ ಬೆಂಗಳೂರಿನ ಬಡಾವಣೆಯೊಂದರ ಕನ್ನಡ ಯುವಕರು ಏರ್ಪಡಿಸಿದ್ದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ. ಸೆಂಟ್ರಿಂಗ್ ಸಾಮಾನು, ಸಾರುವೆ ಪೈಪು ಬಾಡಿಗೆಗೆ ಕೊಡುವ ಹಲವು ಯುವಕರು ಸಭೆಯಲ್ಲಿದ್ದರು.)



ನಾನು ಭಾಷಣ ಮಾಡಿ ರೂಢಿ ಇರುವವನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಮದುವೆ ಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಇವೇ ನನ್ನ ಸಾಹಿತ್ಯ. ರಾಜ್ಯೋತ್ಸವದ ಸಭೆಯಲ್ಲಿ ಸಾರುವೆಯ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಗಿರಾಕಿ ನಮ್ಮ ಪ್ರೆಸ್ಸಿಗೆ ಬಂದರು. ಕಟ್ಟಡದ ಸಾರುವೆಗೆ ಕಟ್ಟುವ ಚೀಟಿ ಬೇಕಿತ್ತು. ಹಸಿರು ಚೀಟಿ ಇದ್ದರೆ ಹತ್ತಬಹುದು, ಕೆಂಪು ಚೀಟಿ ಇದ್ದರೆ ಹತ್ತಬಾರದು ಎಂಬುದು ಪದ್ಧತಿ. ‘ಬಣ್ಣ ಗಿಣ್ಣ ಬೇಡ, ಖರ್ಚು ಜಾಸ್ತಿ, ಕಪ್ಪಿನಲ್ಲೇ ಹೊಡೀರಿ’ ಅಂದರು. ಬರಹವೆಲ್ಲ ಇಂಗ್ಲಿಷ್. ‘ಡು ನಾಟ್ ಯೂಸ್’ ಎಂದು ದಪ್ಪಕ್ಷರ. ಕನ್ನಡದಲ್ಲೂ ಒಂದು ಸಾಲು ಹಾಕೋಣವೇ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂತು. ಕೇಳಲಿಲ್ಲ. ಗಿರಾಕಿಗೆ ಬುದ್ಧಿ ಹೇಳಿದರೆ ಗಿರಾಕಿ ಹೋಗುತ್ತಾನೆ ಎಂಬ ಭಯ. ಐನೂರು ಚೀಟಿ ಹೊಡೆದು, ತೂತು ಹಾಕಿ, ದಾರ ಪೋಣಿಸಿ ಕೊಟ್ಟೆ.

ಎರಡು ತಿಂಗಳ ಮೇಲೆ ಬಾಕಿ ಹಣ ಕೇಳಲು ಆ ಕಟ್ಟಡದ ಹತ್ತಿರ ಹೋದೆ. ಹಿಂದಿನ ವಾರ ಯಾದಗಿರಿ ಕಡೆಯ ಹುಡುಗನೊಬ್ಬ ಎರಡನೇ ಮಹಡಿಯ ಎತ್ತರದಿಂದ ಬಿದ್ದಿದ್ದ. ಅರ್ಧ ಹಲಗೆ ಬಿಚ್ಚಿದ್ದ ಸಾರುವೆ. ಚೀಟಿ ಕಟ್ಟೇ ಇತ್ತು. ಹುಡುಗ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ‘ಹತ್ತಬೇಡ’ ಎಂಬ ನಾಲ್ಕು ಅಕ್ಷರ ಇದ್ದಿದ್ದರೆ ಓದುತ್ತಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ನಾನು ಹೊಡೆದ ಚೀಟಿ ಇನ್ನೂ ಆ ಪೈಪಿನಲ್ಲಿ ನೇತಾಡುತ್ತಿತ್ತು.

ಗೆಳೆಯರೇ, ಅಂಗಡಿ ಬೋರ್ಡಿನ ಕನ್ನಡಕ್ಕಾಗಿ ನಾವೆಲ್ಲ ಬೀದಿಗಿಳಿದೆವು. 2023ರ ಡಿಸೆಂಬರಿನಲ್ಲಿ ಈ ಊರಿನಲ್ಲಿ ಏನು ನಡೆಯಿತು ಎಂಬುದು ನಿಮಗೆ ಗೊತ್ತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದಾಯಿತು. ಸಂತೋಷ. ಆದರೆ ಆ ಬೋರ್ಡನ್ನು ಮೇಲೆ ಕೂರಿಸುವವನು ಹತ್ತುವುದು ಸಾರುವೆಯನ್ನು. ಆ ಸಾರುವೆಯ ಚೀಟಿಯಲ್ಲಿ ಕನ್ನಡ ಶೇಕಡಾ ಎಷ್ಟು? ನಾನು ಹೊಡೆದ ಚೀಟಿಯಲ್ಲಿ ಸೊನ್ನೆ. ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಬ್ಬನೇ ಒಳ್ಳೆಯವನಾದರೆ ಸಾಲದು

ನಿಮ್ಮಲ್ಲಿ ಅನೇಕರು ಈ ಬಾಡಿಗೆ ವ್ಯಾಪಾರಕ್ಕೆ ಇಳಿದಿದ್ದೀರಿ. ನಮ್ಮ ಹುಡುಗರು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲದೆ ಸ್ವಂತ ಉದ್ಯೋಗಕ್ಕೆ ನಿಂತಿದ್ದಾರೆ ಎಂಬುದೇ ನನಗೆ ಹೆಮ್ಮೆ. ಮೊದಲು ಸರ್ವೆ ಗಳ, ಬಿದಿರು, ಹುರಿಹಗ್ಗ ಇತ್ತು. ಈಗ ಕಬ್ಬಿಣದ ಪೈಪು, ಕ್ಲಾಂಪು, ಕಪ್‌ಲಾಕ್, ಎಚ್ ಫ್ರೇಮು. ದೊಡ್ಡ ಕೆಲಸಗಳಿಗೆ ಸಿಸರ್ ಲಿಫ್ಟು, ಬೂಮ್ ಲಿಫ್ಟು ಬಂದಿವೆ. ಸಾಮಾನು ಬದಲಾಯಿತು, ವ್ಯಾಪಾರದ ರೀತಿ ಬದಲಾಗಲಿಲ್ಲ.

ನನ್ನಲ್ಲಿ ಬಿಲ್ ಬುಕ್ಕು ಮಾಡಿಸುವ ತಮ್ಮನೊಬ್ಬನ ಕಷ್ಟ ಹೇಳುತ್ತೇನೆ. ತುಕ್ಕು ಹಿಡಿದು ತೆಳುವಾದ ಪೈಪುಗಳನ್ನು ಅವನು ಗುಜರಿಗೆ ಹಾಕಿದ. ಸೀಳಿದ ಕ್ಲಾಂಪು ಕಳಿಸುವುದಿಲ್ಲ ಎಂದ. ಬೇಸ್ ಪ್ಲೇಟು, ಕೈಪಟ್ಟಿ, ಪಾದದ ಹಲಗೆ ಎಲ್ಲ ಸೇರಿಸಿಯೇ ಬಾಡಿಗೆ ಹೇಳಿದ. ಕಾಂಟ್ರಾಕ್ಟರು ಏನು ಮಾಡಿದರು? ಪಕ್ಕದ ಬೀದಿಗೆ ಹೋದರು. ಅಲ್ಲಿ ಕೈಪಟ್ಟಿ ಇಲ್ಲ, ಬೇಸ್ ಪ್ಲೇಟಿನ ಬದಲು ಇಟ್ಟಿಗೆ ಚೂರು, ಆದರೆ ರೇಟು ಕಡಿಮೆ. ಮೂರು ತಿಂಗಳು ಅವನ ಸಾಮಾನು ಅಂಗಡಿಯಲ್ಲೇ ಕೂತಿತು. ನಾಲ್ಕನೇ ತಿಂಗಳು ಅವನೂ ಕೈಪಟ್ಟಿ ಬಿಟ್ಟು ಕಳಿಸತೊಡಗಿದ. ಅವನನ್ನು ನಾನು ಬೈಯಲಾರೆ. ಮನೆಯಲ್ಲಿ ಮಕ್ಕಳಿದ್ದಾರೆ, ಬ್ಯಾಂಕಿನ ಕಂತು ಇದೆ.

ರೋಗದ ಮೂಲ ಇಲ್ಲಿದೆ. ಸುರಕ್ಷತೆಗೆ ಒಬ್ಬನೇ ಖರ್ಚು ಮಾಡಿದರೆ ಅದು ಅವನಿಗೆ ನಷ್ಟ. ಎಲ್ಲರೂ ಸೇರಿ ಮಾಡಿದರೆ ಅದೇ ಮಾರುಕಟ್ಟೆಯ ಪದ್ಧತಿ. ಅದನ್ನು ಪದ್ಧತಿ ಮಾಡುವ ಶಕ್ತಿ ಸಂಘಕ್ಕೆ ಮಾತ್ರ ಇದೆ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಕೇಂದ್ರದ ಕಾಯ್ದೆ ಬಂತು, 2006ರಲ್ಲಿ ಕರ್ನಾಟಕದ ನಿಯಮಗಳು ಬಂದವು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆದರೆ 1996ರ ಕಾಯ್ದೆ ಹಿಡಿಯುತ್ತಿದ್ದದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೆಲಸಗಳನ್ನು. ನಮ್ಮ ಬೀದಿಯ ಮೂವತ್ತು ನಲವತ್ತರ ಸೈಟಿನಲ್ಲಿ ಕೆಲಸ ಮಾಡುವವರು ಐದಾರು ಜನ. ಅಲ್ಲಿಗೆ ಇನ್‌ಸ್ಪೆಕ್ಟರು ಬಂದದ್ದನ್ನು ನೀವು ಯಾರಾದರೂ ಕಂಡಿದ್ದೀರಾ? ಅಲ್ಲಿಗೆ ತಪ್ಪದೆ ಹೋಗುವುದು ನಿಮ್ಮ ಟೆಂಪೋ, ನಿಮ್ಮ ಪೈಪು. ಸರ್ಕಾರ ಮುಟ್ಟದ ಕಡೆ ಸಂಘ ಮುಟ್ಟಬಲ್ಲದು.

ಬ್ರಿಟನ್ನಿನಲ್ಲಿ ಏನು ಮಾಡಿದರು?

ಬೂಮ್ ಲಿಫ್ಟು ನಡೆಸುವ ಗಿರಾಕಿಯೊಬ್ಬರು ಅಲ್ಲಿನ ಸಂಘಗಳ ಪುಸ್ತಿಕೆಗಳನ್ನು ನನಗೆ ತೋರಿಸಿದರು. ಇಂಗ್ಲಿಷಿನ ವ್ಯಾಮೋಹದಿಂದ ಇದನ್ನು ಹೇಳುತ್ತಿಲ್ಲ. ಒಳ್ಳೆಯ ಕೆಲಸ ಯಾವ ಊರಿನದಾದರೂ ಕಲಿಯಬೇಕು.

ಅಲ್ಲಿ ಸಾರುವೆ ಕಾಂಟ್ರಾಕ್ಟರುಗಳ ರಾಷ್ಟ್ರೀಯ ಸಂಘ 1945ರಲ್ಲೇ ಹುಟ್ಟಿತು. ಎನ್‌ಎಎಸ್‌ಸಿ ಎಂದು ಅದರ ಹೆಸರು. ಸದಸ್ಯರಾಗಲು ದುಡ್ಡು ಕಟ್ಟಿದರೆ ಸಾಲದು, ಕೆಲಸ ಪರೀಕ್ಷೆಗೆ ಒಳಗಾಗಬೇಕು. ಸಾರುವೆ ಕಟ್ಟುವವರಿಗೆ ತರಬೇತಿಯ ಕಾರ್ಡು ಇರಬೇಕು. ಕಟ್ಟುವಾಗಲೇ ಬೀಳದಂತೆ ಹೇಗೆ ಕಟ್ಟಬೇಕು ಎಂಬುದಕ್ಕೆ ಸಂಘವೇ ಮಾರ್ಗದರ್ಶಿ ಹೊರಡಿಸಿದೆ. ಮೇಲಿನ ಹಂತಕ್ಕೆ ಏರುವ ಮೊದಲೇ ಅಲ್ಲಿನ ಕೈಪಟ್ಟಿ ಜೋಡಿಸಿಕೊಳ್ಳುವುದು ಅದರ ಒಂದು ಪಾಠ. ಸದಸ್ಯರ ಕೆಲಸದಲ್ಲಾದ ಅಪಘಾತಗಳ ಲೆಕ್ಕವನ್ನು ಸಂಘ ವರ್ಷವರ್ಷ ಪ್ರಕಟಿಸುತ್ತದೆ. ನಮ್ಮಲ್ಲಾದರೆ ಅಪಘಾತವನ್ನು ಮುಚ್ಚಿಡುತ್ತೇವೆ!

ಲಿಫ್ಟುಗಳಿಗೆ ಇನ್ನೊಂದು ಸಂಘ, ಐಪ್ಯಾಫ್. 1983ರಲ್ಲಿ ಶುರುವಾಗಿ ಈಗ ಅನೇಕ ದೇಶಗಳಲ್ಲಿ ಹರಡಿದೆ. ಲಿಫ್ಟು ನಡೆಸಲು ಕಲಿತವನಿಗೆ ಅದು ಕಾರ್ಡು ಕೊಡುತ್ತದೆ. ಐದು ವರ್ಷಕ್ಕೆ ಆ ಕಾರ್ಡಿನ ಅವಧಿ ಮುಗಿಯುತ್ತದೆ, ಮತ್ತೆ ನವೀಕರಿಸಬೇಕು. ಅಪಘಾತದ ಸುದ್ದಿಯನ್ನು ಸದಸ್ಯನಲ್ಲದವನೂ ಅದಕ್ಕೆ ತಿಳಿಸಬಹುದು.

2005ರ ಅಲ್ಲಿನ ಕಾನೂನಿನ ಪ್ರಕಾರ, ಎರಡು ಮೀಟರ್ ಮತ್ತು ಮೇಲ್ಪಟ್ಟ ಎತ್ತರದಿಂದ ಬೀಳುವ ಸಂಭವವಿರುವ ಸಾರುವೆಯನ್ನು ಏಳು ದಿನಕ್ಕೊಮ್ಮೆ ಪರೀಕ್ಷಿಸಬೇಕು. ದೊಡ್ಡ ಗಾಳಿ ಮಳೆ ಬಂದರೆ ಮತ್ತೆ ನೋಡಬೇಕು. ನಮ್ಮ ಆಷಾಢದ ಗಾಳಿಗೆ, ಏಪ್ರಿಲ್ ಮೇ ಮಳೆಗೆ ಈ ಮಾತು ಎಷ್ಟು ಹೊಂದುತ್ತದೆ ಯೋಚಿಸಿ.

ಸಂಘದಿಂದ ಸಿಗುವುದೇನು?

ಒಂದು, ಸಮಾನ ನಿಯಮ. ಸೀಳಿದ ಕ್ಲಾಂಪು, ಬಗ್ಗಿದ ಪೈಪು ಯಾವ ಸದಸ್ಯನೂ ಕಳಿಸುವುದಿಲ್ಲ ಎಂದಾದರೆ ಕಾಂಟ್ರಾಕ್ಟರಿಗೆ ಓಡಿಹೋಗಲು ಪಕ್ಕದ ಬೀದಿ ಇರುವುದಿಲ್ಲ.

ಎರಡು, ಹಂಚಿದ ಖರ್ಚು. ನನ್ನ ಕಸುಬಿನ ಲೆಕ್ಕ ಹೇಳುತ್ತೇನೆ. ಆಫ್‌ಸೆಟ್ಟಿನಲ್ಲಿ ಪ್ಲೇಟು ಮಾಡುವ ಖರ್ಚು ನೂರು ಪ್ರತಿಗೂ ಅಷ್ಟೇ, ಹತ್ತು ಸಾವಿರ ಪ್ರತಿಗೂ ಅಷ್ಟೇ. ಹಾಗೆಯೇ ಎಂಜಿನಿಯರೊಬ್ಬರನ್ನು ಕರೆಸಿ ಸಾಮಾನು ಪರೀಕ್ಷೆ ಮಾಡಿಸುವುದು, ತರಬೇತಿ ಕೊಡಿಸುವುದು ಒಬ್ಬನಿಗೆ ಭಾರ, ಐವತ್ತು ಜನಕ್ಕೆ ಹಗುರ.

ಮೂರು, ತಿಳಿವಳಿಕೆ. ಬ್ರಿಟನ್ನಿನಲ್ಲಿ ಮಾಮೂಲಿ ಕಟ್ಟಡ ಕೆಲಸದ ಸಾರುವೆಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರದ ಲೆಕ್ಕ ಹಿಡಿಯುವುದು ವಾಡಿಕೆ. ನಮ್ಮ ಆರಿಂಚಿನ ಸಾಲಿಡ್ ಬ್ಲಾಕು ಸುಮಾರು 25 ಕೆಜಿ ತೂಗುತ್ತದೆ. ಅಷ್ಟು ಜಾಗದಲ್ಲಿ ಎಂಟು ಬ್ಲಾಕು ಒಟ್ಟಿದರೆ ಲೆಕ್ಕ ಮುಗಿಯಿತು. ಗಾರೆ ಕೆಲಸದವನು, ಅವನ ಬಾಂಡ್ಲಿ, ಕಲಸಿದ ಗಾರೆ ಎಲ್ಲಿ ನಿಲ್ಲಬೇಕು? ನಮ್ಮಲ್ಲಿ ಎಂಟಲ್ಲ, ಇಪ್ಪತ್ತು ಬ್ಲಾಕು ಒಟ್ಟುವುದನ್ನು ನೋಡಿದ್ದೇವೆ. ಮೇಸ್ತ್ರಿಗೆ ಹೇಳಿದವರು ಯಾರು? ನಮ್ಮ ದೇಶದಲ್ಲೂ ಸಾರುವೆ ಮತ್ತು ಏಣಿಗಳ ಸುರಕ್ಷತೆಗೆ ಐಎಸ್ 3696 ಎಂಬ ಮಾನಕ ಇದೆ, 1987 ಮತ್ತು 1991ರಲ್ಲಿ ಎರಡು ಭಾಗಗಳಾಗಿ ಬಂತು. ಅದರ ಸಾರವನ್ನು ಜೇಬಿನಲ್ಲಿಡುವ ಕನ್ನಡ ಪುಸ್ತಕ ಮಾಡಿ ಪ್ರತಿ ಮೇಸ್ತ್ರಿಯ ಕೈಗೆ ಕೊಡುವುದು ಸಂಘದ ಮೊದಲ ಕೆಲಸವಾಗಲಿ.

ನಾಲ್ಕು, ಅಪಘಾತದ ಪಾಠ. ವಿದ್ಯುತ್ ತಂತಿಗೆ ಪೈಪು ತಗುಲಿದ್ದು, ಮೆತ್ತಗಿನ ಮಣ್ಣಿನಲ್ಲಿ ಕಾಲು ಕುಸಿದದ್ದು, ಗೋಡೆಗೆ ಬಿಗಿದಿದ್ದ ಕಟ್ಟನ್ನು ಪ್ಲಾಸ್ಟರಿಂಗ್‌ನವರು ಬಿಚ್ಚಿಹಾಕಿದ್ದು, ಇಂಥದ್ದು ಒಬ್ಬನ ಸೈಟಿನಲ್ಲಿ ಆದರೆ ಮರುದಿನ ಎಲ್ಲ ಸದಸ್ಯರಿಗೂ ಗೊತ್ತಾಗಬೇಕು. ಯಾರ ಸೈಟು ಎಂಬುದು ಬೇಡ, ಏಕೆ ಆಯಿತು ಎಂಬುದು ಬೇಕು.

ಐದು, ಕಾರ್ಮಿಕನ ಹಕ್ಕು. ಕರ್ನಾಟಕದಲ್ಲಿ 2007ರಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಅದರಲ್ಲಿ ಹೆಸರು ನೋಂದಾಯಿಸಿದವನಿಗೆ, ಅವನ ಮನೆಯವರಿಗೆ ಕಷ್ಟಕಾಲದಲ್ಲಿ ನೆರವು ಉಂಟು. ಎಷ್ಟೋ ಜನಕ್ಕೆ ಅರ್ಜಿ ತುಂಬಲು ಬಾರದು. ಸಂಘದ ಕಚೇರಿಯಲ್ಲಿ ಭಾನುವಾರ ಒಬ್ಬ ಹುಡುಗ ಕೂತರೆ ಆ ಕೆಲಸ ಆಗುತ್ತದೆ.

ಭಾಷೆಯ ಮಾತು

ಸಂಘದ ಚೀಟಿ, ಒಪ್ಪಿಗೆ ಪತ್ರ, ತರಬೇತಿ ಎಲ್ಲವೂ ಮೊದಲು ಕನ್ನಡದಲ್ಲಿರಬೇಕು. ಇದರಲ್ಲಿ ರಾಜಿ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದ ನಮ್ಮ ಜನ ತಮ್ಮದೇ ರಾಜಧಾನಿಯಲ್ಲಿ, ಓದಲು ಬಾರದ ಅಕ್ಷರದ ಕೆಳಗೆ ಪ್ರಾಣ ಬಿಡಬಾರದು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಬಿಹಾರದಿಂದ, ಒಡಿಶಾದಿಂದ, ಬಂಗಾಳದಿಂದ ಬಂದ ಹುಡುಗರೂ ಅದೇ ಹಲಗೆಯ ಮೇಲೆ ನಿಲ್ಲುತ್ತಾರೆ. ಕನ್ನಡದ ಕೆಳಗೆ ಅವನ ಭಾಷೆಯ ಒಂದು ಸಾಲು, ಪಕ್ಕದಲ್ಲಿ ಒಂದು ಚಿತ್ರ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಬಣ್ಣ ಇರಲಿ. ಅದರಿಂದ ಕನ್ನಡಕ್ಕೆ ಕುಂದಿಲ್ಲ. ಅವನಿಗೆ ನಾವು ಕನ್ನಡ ಕಲಿಸೋಣ. ಕಲಿಯುವ ತನಕ ಅವನು ಬದುಕಿರಬೇಕಲ್ಲ! ನನಗೆ ಓದಲು ಬಾರದ ಚೀಟಿಯಿಂದ ನನ್ನವನು ಬಿದ್ದ ಎಂದು ಅಳುವ ನಾವು, ಅವನಿಗೆ ಓದಲು ಬಾರದ ಚೀಟಿ ಕಟ್ಟಿ ನ್ಯಾಯ ಕೇಳಲಾಗದು.

ಎರಡು ಎಚ್ಚರಿಕೆ

ಸಂಘ ಕಟ್ಟುವ ಉತ್ಸಾಹದಲ್ಲಿ ಎರಡು ತಪ್ಪು ಆಗಬಾರದು. ಎಲ್ಲರೂ ಕೂತು ಬಾಡಿಗೆ ರೇಟು ಕಟ್ಟಬೇಡಿ. 2002ರ ಸ್ಪರ್ಧಾ ಕಾಯ್ದೆ ಅದನ್ನು ನಿಷೇಧಿಸುತ್ತದೆ. ಗುಣಕ್ಕೆ ನಿಯಮ ಮಾಡಿ, ದರವನ್ನು ಅವರವರಿಗೆ ಬಿಡಿ. ಎರಡನೆಯದು, ಸದಸ್ಯತ್ವದ ಪ್ರಮಾಣಪತ್ರ ಗೋಡೆಗೆ ನೇತುಹಾಕಲು ಮಾತ್ರ ಆಗಬಾರದು. ಚೆಂದದ ಪ್ರಮಾಣಪತ್ರ ನಾನು ಎಷ್ಟು ಬೇಕಾದರೂ ಹೊಡೆದುಕೊಡುತ್ತೇನೆ, ಬಂಗಾರದ ಅಂಚೂ ಹಾಕುತ್ತೇನೆ. ಆದರೆ ಕಾಗದ ಯಾರ ಭಾರವನ್ನೂ ಹೊರುವುದಿಲ್ಲ. ನಿಯಮ ಮುರಿದ ಸದಸ್ಯನನ್ನು ಹೊರಗೆ ಹಾಕುವ ಧೈರ್ಯ ಸಂಘಕ್ಕಿರಬೇಕು, ಅವನು ಅಧ್ಯಕ್ಷರ ಬಾಮೈದನೇ ಆಗಿರಲಿ.

ಮುಗಿಸುವ ಮೊದಲು

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ತರಬೇತಿ ಕೊಡುವುದು, ಸುರಕ್ಷತೆಯ ಅರಿವು ಹರಡುವುದು ನಮ್ಮ ಉದ್ದೇಶ ಎಂದು ಬರೆಯಿರಿ. ಈ ಸಭೆಯಲ್ಲಿ ಬಾಡಿಗೆ ವ್ಯಾಪಾರದವರು ಏಳಕ್ಕಿಂತ ಹೆಚ್ಚು ಜನ ಕಾಣುತ್ತಿದ್ದೀರಿ. ಸಭೆ ಮುಗಿದ ಮೇಲೆ ಟೀ ಕುಡಿದು ಎದ್ದು ಹೋಗಬೇಡಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ, ಹೆಸರು ಬರೆಯಿರಿ.

ಮೊದಲ ಹತ್ತು ಸಾವಿರ ಚೀಟಿಯನ್ನು ಕಾಗದದ ಬೆಲೆಗೆ ನಾನು ಹೊಡೆದುಕೊಡುತ್ತೇನೆ. ಕೆಂಪು, ಹಸಿರು ಎರಡೂ ಬಣ್ಣದಲ್ಲಿ. ಕೂಲಿ ಬೇಡ. ಇದು ದಾನವಲ್ಲ, ಹಳೆಯ ಬಾಕಿ. ಆ ದಿನ ನಾಲಿಗೆ ತುದಿಯಲ್ಲಿ ನಿಂತ ಕನ್ನಡದ ಒಂದು ಸಾಲನ್ನು ಈಗಲಾದರೂ ಅಚ್ಚು ಹಾಕಬೇಕು.

ಕನ್ನಡ ಬಾಳಬೇಕು. ಕನ್ನಡ ನೆಲದಲ್ಲಿ ಕೆಲಸಕ್ಕೆ ಹತ್ತಿದವನು ಸಂಜೆ ತನ್ನ ಕಾಲಿನಲ್ಲೇ ಇಳಿದು ಮನೆಗೆ ಹೋಗಬೇಕು.

ಜೈ ಕರ್ನಾಟಕ! ಸಿರಿಗನ್ನಡಂ ಗೆಲ್ಗೆ!