ಬಿಲ್ಲು, ಲಾವುಗೆ, ಎಳನೀರು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹಕ್ಕಿಬೇಟೆಯ ಮಾತೆತ್ತಿದರೆ ಇವರಿಗೇನಾಯಿತೆಂದು ತಮಗೆ ಅನ್ನಿಸಬಹುದು. ನಾಡು, ನುಡಿ, ಏಕೀಕರಣಗಳನ್ನು ಕುರಿತು ನಮಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಾವು ಒಂದು ಚಿಕ್ಕ ವಿಷಯವನ್ನು ತಮ್ಮ ಮುಂದಿಡುತ್ತೇವೆ. ಬಿಲ್ಲು ಹಿಡಿದು ಲಾವುಗೆಯಂಥ ಸಣ್ಣ ಹಕ್ಕಿಯನ್ನು ಹೊಡೆಯುವ ವಿದ್ಯೆಯೊಂದು ನಮ್ಮ ಹಿಂದಿನವರಲ್ಲಿ ಇತ್ತು. ಅದು ಮುಗಿಯಬೇಕಾದ ವಿದ್ಯೆಯೇ ಸರಿ. ಆದರೆ ಹಳೆಯದೊಂದು ಮುಗಿಯುವಾಗ ಅದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ದಿನವೂ ಎದುರಾಗತಕ್ಕದ್ದು. ಆದುದರಿಂದ ಈ ವಿಷಯ.

1956ರ ನವೆಂಬರ್ 1 ನಮಗೂ ನಮ್ಮ ಮಲೆಯಾಳಿ ನೆರೆಯವರಿಗೂ ಒಂದೇ ಹುಟ್ಟುಹಬ್ಬ. ವಿಶಾಲ ಮೈಸೂರು ರಾಜ್ಯವೂ ಕೇರಳವೂ ಒಂದೇ ದಿನ ಹುಟ್ಟಿದವು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು 1973ರಲ್ಲಿ ಬಂತು. ಈ ದಿನ ಬರುವುದು ಇಲ್ಲಿಯವರ ಪಂಚಾಂಗದ ತುಲಾ ಮಾಸದಲ್ಲಿ. ತುಲಾ ಮಾಸಕ್ಕೂ ಬಿಲ್ಲಿಗೂ ಈ ನಾಡಿನಲ್ಲಿ ಹಳೆಯ ನಂಟುಂಟು.

ತಿರುವನಂತಪುರದಲ್ಲಿ ಇದ್ದು ಬಂದವರು ಶ್ರೀ ಪದ್ಮನಾಭಸ್ವಾಮಿಯ ಅಲ್ಪಶಿ ಉತ್ಸವವನ್ನು ನೋಡಿರುತ್ತೀರಿ. ಹತ್ತು ದಿನದ ಆ ಉತ್ಸವದಲ್ಲಿ ಒಂಬತ್ತನೆಯ ದಿನದ ರಾತ್ರಿ ಪಳ್ಳಿವೇಟ್ಟ, ಎಂದರೆ ದೇವರ ಬೇಟೆ. ತಿರುವಾಂಕೂರು ರಾಜಮನೆತನದ ಹಿರಿಯರು ಖಡ್ಗ ಹಿಡಿದು ದೇವರ ಮುಂದೆ ನಡೆಯುತ್ತಾರೆ. ಹೋಗುವಾಗ ಮೆರವಣಿಗೆಯಲ್ಲಿ ವಾದ್ಯವಿಲ್ಲ, ಸದ್ದಿಲ್ಲ. ಬೇಟೆಗೆ ಹೊರಟವನು ಡೋಲು ಬಡಿಯುತ್ತ ಹೋದಾನೆಯೇ? ಕೋಟೆಯೊಳಗೆ ಸುಂದರವಿಲಾಸಂ ಅರಮನೆಯ ಮುಂದೆ ಒಂದು ಎಳನೀರನ್ನು ಇಟ್ಟಿರುತ್ತಾರೆ. ಬಿಲ್ಲಿಗೆ ಬಾಣ ಹೂಡಿ ಆ ಎಳನೀರಿಗೆ ಹೊಡೆಯುವುದೇ ಬೇಟೆ. ಬಾಣ ತಗುಲಿತೋ, ಶಂಖ ವಾದ್ಯಗಳು ಮೊಳಗುತ್ತವೆ. ಮೆರವಣಿಗೆ ಸಂಭ್ರಮದಿಂದ ಹಿಂದಿರುಗುತ್ತದೆ. ಮರುದಿನ ಶಂಖುಮುಖದ ಕಡಲಿನಲ್ಲಿ ಆರಾಟ್ಟು. ದೇವರ ಸವಾರಿ ವಿಮಾನ ನಿಲ್ದಾಣದ ಓಡುದಾರಿಯನ್ನು ದಾಟಿ ಹೋಗಬೇಕಾದುದರಿಂದ ಅಂದು ಕೆಲವು ಗಂಟೆಗಳ ಕಾಲ ವಿಮಾನಗಳೂ ನಿಲ್ಲುತ್ತವೆ. 1949ರಲ್ಲಿ ತಿರುವಾಂಕೂರು ಕೊಚ್ಚಿಗಳು ಒಂದಾದವು. 1971ರಲ್ಲಿ ರಾಜಧನವೂ ನಿಂತಿತು. ಆದರೂ ಬಿಲ್ಲಿನ ಈ ಒಂದು ಕರ್ತವ್ಯ ಉಳಿದುಕೊಂಡಿದೆ.

ಈ ದೇವಾಲಯ ಕನ್ನಡಿಗರಿಗೆ ಪರಕೀಯವಲ್ಲ ಎಂಬುದನ್ನೂ ಅರಿಕೆ ಮಾಡುತ್ತೇವೆ. ಕಾಸರಗೋಡಿನ ಕುಂಬಳೆಯ ಬಳಿಯ ಅನಂತಪುರದ ಕೆರೆಯ ನಡುವಿನ ಗುಡಿಯೇ ಪದ್ಮನಾಭನ ಮೂಲಸ್ಥಾನವೆಂದು ನಂಬಿಕೆಯುಂಟು. ಇಲ್ಲಿ ಪೂಜೆ ಮಾಡುವ ನಂಬಿಗಳನ್ನು ಚಂದ್ರಗಿರಿ ಹೊಳೆಯ ಆಚೆ ಈಚೆಯ ಮನೆತನಗಳಿಂದ ಆರಿಸುವ ಪದ್ಧತಿ ಹಿಂದಿನಿಂದ ಬಂದದ್ದು. ಆ ಹೊಳೆಯ ದಡದ ಮಾತು ನಮ್ಮಲ್ಲಿ ಕೆಲವರ ಮನೆಮಾತು.

ಕೋಟೆಯೊಳಗೆ ಎಳನೀರಿಗೆ ತಗಲುವ ಬಾಣ ಒಂದು ಕಾಲಕ್ಕೆ ನಿಜವಾದ ಬೇಟೆಯ ಬಾಣವಾಗಿತ್ತು. ಅದನ್ನು ನೆನೆಯಬೇಕಾದರೆ ಬಡಗಣ ಮಲೆಗೆ, ನಮ್ಮ ಗುಂಡ್ಲುಪೇಟೆ ಹೆಗ್ಗಡದೇವನಕೋಟೆಗಳ ಗಡಿಗೆ ತಾಗಿದ ವಯನಾಡಿಗೆ ಹೋಗಬೇಕು. ಅಲ್ಲಿಯ ಕುರಿಚ್ಯರು ಬಿಲ್ಲಿನ ಜನ. ಅವರಿಗೆ ತುಲಾ ಮಾಸದ ಹತ್ತನೆಯ ದಿನ, 'ತುಲಾಪ್ಪತ್ತು', ಬೇಟೆಯ ಹಬ್ಬ. ಅದು ಬರುವುದು ನಮ್ಮ ರಾಜ್ಯೋತ್ಸವಕ್ಕೆ ಕೆಲವು ದಿನ ಮುಂಚೆ. ಅವರ ಬಿಲ್ಲು ಬರಿಯ ಹಕ್ಕಿ ಹಂದಿಗಳ ಮೇಲೆ ನಿಲ್ಲಲಿಲ್ಲ. 1802ರ ಅಕ್ಟೋಬರಿನಲ್ಲಿ ತಲಕ್ಕಲ್ ಚಂದು ಎಂಬ ಕುರಿಚ್ಯ ಮುಖಂಡನೂ ಎಡಚ್ಚೇನ ಕುಂಕನ್ ನಾಯರನೂ ಸುಮಾರು 150 ಮಂದಿ ಬಿಲ್ಲಾಳುಗಳೊಡನೆ ಪನಮರಂ ಕೋಟೆಯಲ್ಲಿದ್ದ ಕಂಪೆನಿಯ ದಂಡಿನ ಮೇಲೆ ಬಿದ್ದು ಕೋಟೆಯನ್ನು ಹಿಡಿದರು. ಪಳಶ್ಶಿ ರಾಜನ ಹೋರಾಟದ ಕಾಲವದು. ಚಂದುವನ್ನು 1805ರಲ್ಲಿ ಆಂಗ್ಲರು ಸೆರೆಹಿಡಿದು ಕೊಂದರು. ಬಂದೂಕಿನ ಮುಂದೆ ಬಿಲ್ಲು ನಿಂತದ್ದು ಹೇಗೆ? ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದು, ಹೊತ್ತು ಕಾಯುವುದು, ಒಂದೇ ಬಾಣಕ್ಕೆ ಗುರಿ ಕಟ್ಟುವುದು, ಇವೆಲ್ಲ ಬೇಟೆ ಕಲಿಸಿದ ಪಾಠಗಳು.

ಆ ಪಾಠದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಸಣ್ಣ ಹಕ್ಕಿ. ಹಂದಿ ದೊಡ್ಡ ಗುರಿ. ಲಾವುಗೆ ಒಂದು ಹಿಡಿಯಷ್ಟೂ ಇಲ್ಲ. ನಮ್ಮ ಬಯಲಿನ ಕುರುಚಲು ಕಾಡುಗಳಲ್ಲಿರುವ ಜಾತಿ ನೂರು ಗ್ರಾಂ ಸಹ ತೂಗದು. ಬಣ್ಣ ಒಣಗಿದ ಹುಲ್ಲಿನದು. ಕಾಲಿನಡಿಗೆ ಬರುವವರೆಗೂ ಅದು ಅಡಗಿರುತ್ತದೆ. ಆಮೇಲೆ ಇಡೀ ಗುಂಪು ಒಮ್ಮೆಲೇ ಬುರ್ರೆಂದು ಸಿಡಿದು ದಿಕ್ಕಿಗೊಂದಾಗಿ ಹಾರಿ, ಸ್ವಲ್ಪ ದೂರದಲ್ಲಿ ಮತ್ತೆ ಹುಲ್ಲಿಗೆ ಇಳಿಯುತ್ತದೆ. ನೋಡುವವನ ಎದೆ ಒಂದು ಕ್ಷಣ ನಿಂತೇ ಹೋಗುತ್ತದೆ. ಹಾರುವ ಲಾವುಗೆಗೆ ಬಾಣ ಬಿಡುವುದು ಬಾಣ ಕಳೆದುಕೊಳ್ಳುವ ದಾರಿ. ಆದುದರಿಂದ ಬಿಲ್ಲುಗಾರನು ಅದು ಮೇಯುವ ಜಾಡನ್ನೂ ನೀರಿಗೆ ಬರುವ ಹೊತ್ತನ್ನೂ ತಿಳಿದು, ಹೊಂಚು ಕುಳಿತು, ನೆಲದ ಮೇಲಿದ್ದಾಗಲೇ ಹೊಡೆಯಬೇಕು.

ಹಕ್ಕಿಗೆ ಬಿಡುವ ಬಾಣವೂ ಬೇರೆ. ಚೂಪಾದ ಕಬ್ಬಿಣದ ಅಲಗು ಇಷ್ಟು ಸಣ್ಣ ಮೈಯನ್ನು ಸೀಳಿಹಾಕುತ್ತದೆ. ಗುರಿ ತಪ್ಪಿದರೆ ಮರಕ್ಕೆ ನಾಟಿಕೊಂಡು ಕೈಗೆ ಬಾರದು. ಅದಕ್ಕಾಗಿ ತುದಿ ಮೊಂಡಾದ ಮರದ ಬಾಣವನ್ನು ಹಲವು ನಾಡುಗಳ ಬೇಟೆಗಾರರು ಕಂಡುಕೊಂಡರು. ಅದು ಹಕ್ಕಿಯನ್ನು ಬಡಿದು ಬೀಳಿಸುತ್ತದೆ. ತಪ್ಪಿದರೆ ಅಲ್ಲೇ ಬಿದ್ದಿರುತ್ತದೆ, ಹೆಕ್ಕಿಕೊಳ್ಳಬಹುದು. ಇನ್ನೊಂದು ಉಪಾಯವೆಂದರೆ ಮಣ್ಣುಂಡೆಯ ಬಿಲ್ಲು; ಉತ್ತರದವರು ಅದನ್ನು ಗುಲೇಲ್ ಎನ್ನುತ್ತಾರೆ. ಅದಕ್ಕೆ ಒಂದರ ಪಕ್ಕ ಒಂದು ಎರಡು ಹೆದೆ, ನಡುವೆ ಉಂಡೆ ಕೂರುವಷ್ಟು ಸಣ್ಣ ಜೋಳಿಗೆ. ಒಣಗಿಸಿದ ಜೇಡಿಮಣ್ಣಿನ ಉಂಡೆಯನ್ನು ಅದರಲ್ಲಿಟ್ಟು ಎಳೆದು ಬಿಡಬೇಕು. ಬಿಡುವ ಕ್ಷಣದಲ್ಲಿ ಬಿಲ್ಲು ಹಿಡಿದ ಕೈಯನ್ನು ತುಸು ಹೊರಳಿಸದಿದ್ದರೆ ಉಂಡೆ ತನ್ನ ಹೆಬ್ಬೆರಳಿಗೇ ಬಡಿಯುತ್ತದೆ! ಬ್ಯಾಂಕಿನಲ್ಲಿ ಜಮಾ ಖರ್ಚು ಬರೆಯುವ ನಮಗೆ ಇದರ ಲೆಕ್ಕ ಬಹಳ ಹಿಡಿಸಿತು. ಬೇಟೆಯ ಖರ್ಚು ಬೇಟೆಗಿಂತ ಹೆಚ್ಚಾಗಬಾರದು. ತುತ್ತಿನಷ್ಟು ಮಾಂಸಕ್ಕೆ ಕಬ್ಬಿಣ ಕಳೆಯುವುದಕ್ಕಿಂತ ಮಣ್ಣು ಕಳೆಯುವುದು ಮೇಲು.

ನಮ್ಮ ನಾಡಿನ ಅರಸರಿಗೂ ಈ ಪುಟ್ಟ ಹಕ್ಕಿಯ ಮೇಲೆ ಕಣ್ಣಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆಯ ಬೇಟೆ, ಗಿಡುಗನ ಬೇಟೆಗಳ ಜೊತೆಗೆ ಲಾವುಗೆಗಳ ಕಾಳಗವನ್ನೂ ಅರಸನ ವಿನೋದಗಳಲ್ಲಿ ಸೇರಿಸಿದ್ದಾನೆ. ಕೊಚ್ಚಿಯಲ್ಲಿರುವ ನಮಗೆ ಬಿಲ್ಲಿನ ಕಥೆ ಇನ್ನೂ ಹತ್ತಿರ. ಎರ್ನಾಕುಳದ ಶಿವ ದೇವಾಲಯದ ಲಿಂಗ ಅರ್ಜುನನು ಪೂಜಿಸಿದ್ದೆಂದು ಐತಿಹ್ಯ. ಶಿವನು ಬೇಡನಾಗಿ ಬಂದು ಅರ್ಜುನನೊಡನೆ ಕಾದಿದ ಆ ಕಥೆ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲೂ ಬರುತ್ತದೆ. 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜಕುಮಾರರು ಮೊದಲ ಬಾರಿ ನಾಯಕರಾಗಿ ಬಂದದ್ದೂ ಬಿಲ್ಲು ಹಿಡಿದೇ ಅಲ್ಲವೆ?

ಮಾತುಗಳನ್ನೇ ನೋಡಿ. ನಮ್ಮ ಬಿಲ್ಲು ಇವರಿಗೆ ವಿಲ್ಲು; ನಮ್ಮ ಬೇಟೆ ಇವರಿಗೆ ವೇಟ್ಟ; ನಮ್ಮ ಅಂಬು ಇವರಿಗೂ ಅಂಬೇ. ಇವರು ಹೆದೆಗೆ ಹೇಳುವ ಞಾಣ್ ನಮ್ಮಲ್ಲಿ ನೇಣು, ಎಂದರೆ ಹಗ್ಗವಾಗಿ ಉಳಿದಿದೆ. ಲಾವುಗೆಗೆ ಇಲ್ಲಿ ಕಾಡ ಎನ್ನುತ್ತಾರೆ. ಸಾವಿರ ಕೋಳಿಗೆ ಅರ್ಧ ಕಾಡ ಸಮ ಎಂದು ಇವರ ಗಾದೆ. ಅಂಗಡಿಯಲ್ಲಿ ನಾವು ಕೊಳ್ಳುವ ಚುಕ್ಕೆ ಚುಕ್ಕೆಯ ಕಾಡಮುಟ್ಟೆ ಕಾಡಿನದಲ್ಲ. ಅದು 1974ರಲ್ಲಿ ಬರೇಲಿ ಬಳಿಯ ಇಜ್ಜತ್‌ನಗರಕ್ಕೆ ತಂದು ಸಾಕಿದ ಜಪಾನೀ ಲಾವುಗೆಯ ಸಂತತಿ. ನಮ್ಮ ಮಕ್ಕಳು ಕಾಡಮುಟ್ಟೆಯನ್ನು ಬಲ್ಲರು. ಲಾವುಗೆ, ಬುರ್ಲಿ, ಗೌಜಲ ಎಂಬ ಹೆಸರುಗಳನ್ನು ಅರಿಯರು. ನಮ್ಮ ಚಿಂತೆ ಇರುವುದು ಇಲ್ಲಿ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಅದರಲ್ಲಿ ಸಣ್ಣ ಬೇಟೆಗೆಂದೇ ಒಂದು ಪರವಾನಗಿ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕಾಡಿನ ಲಾವುಗೆಯನ್ನು ಬಿಲ್ಲಿನಿಂದಾಗಲಿ ಬಲೆಯಿಂದಾಗಲಿ ಹಿಡಿಯುವುದು ಇಂದು ಅಪರಾಧ. ಕಾಡಿನ ಜನರಿಗೆ ಅನೇಕ ಹಕ್ಕುಗಳನ್ನು ಕೊಟ್ಟ 2006ರ ಅರಣ್ಯ ಹಕ್ಕುಗಳ ಕಾಯಿದೆಯೂ ಬೇಟೆಯ ಹಕ್ಕನ್ನು ಮಾತ್ರ ಕೊಡಲಿಲ್ಲ. ಇದು ಸರಿಯೆಂದೇ ನಾವು ತಿಳಿಯುತ್ತೇವೆ. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಒಂದೊಂದೇ ಬಾಣ ಬಿಡುವವನಿಗೆ ಒಂದು ಹಕ್ಕಿ ಸಿಕ್ಕರೆ ಹೆಚ್ಚು. ಬಲೆ ಹಾಸುವವನಿಗೆ ಗುಂಪಿಗೆ ಗುಂಪೇ ಸಿಗುತ್ತದೆ. ಕುರುಚಲು ಕಾಡನ್ನು ಸವರಿ ನಿವೇಶನ ಮಾಡುವವರು ಹಕ್ಕಿಗೆ ಮನೆಯನ್ನೇ ಇಲ್ಲದಂತೆ ಮಾಡುತ್ತಾರೆ. ಆ ನಿವೇಶನ ಕೊಳ್ಳುವವರು ನಮ್ಮಂಥವರೇ. ಅರಮನೆಯ ಬೇಟೆಗೆ ಎಳನೀರು ಸಿಕ್ಕಿತು, ಗೌರವವೂ ಉಳಿಯಿತು. ಕಾಡಿನವನು ಬಿಲ್ಲನ್ನು ಕೆಳಗಿಟ್ಟಾಗ ಅವನ ಅರಿವಿಗೆ ಅಷ್ಟೇ ಗೌರವ ಸಿಕ್ಕಿತೇ? ಇದನ್ನು ತಾವು ಯೋಚಿಸಬೇಕು.

ಕೊಲ್ಲುವುದನ್ನು ಬಿಟ್ಟು ಅರಿವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಈ ನಾಡಿನಲ್ಲೇ ಉದಾಹರಣೆಯಿದೆ. ತಿರುವಾಂಕೂರು ಕೊಚ್ಚಿ ಸಂಸ್ಥಾನಗಳ ಹಕ್ಕಿಗಳನ್ನು 1933ರಲ್ಲಿ ಸಮೀಕ್ಷೆ ಮಾಡಿದ ಸಲೀಂ ಅಲಿಯವರು ಬಾಲ್ಯದಲ್ಲಿ ಗಾಳಿಕೋವಿ ಹಿಡಿದು ಗುಬ್ಬಿ ಹೊಡೆದವರು. ಹೊಡೆದ ಗುಬ್ಬಿಯೊಂದರ ಕತ್ತು ಹಳದಿಯಾಗಿದ್ದುದು ಏಕೆಂದು ಕೇಳಲು ಹೋಗಿ ಪಕ್ಷಿಶಾಸ್ತ್ರಜ್ಞರಾದರು. ಅವರ ಹೆಸರಿನ ತಟ್ಟೇಕ್ಕಾಡು ಪಕ್ಷಿಧಾಮ 1983ರಿಂದ ಇದೆ. ಕೊಚ್ಚಿಯಿಂದ ಸುಮಾರು 60 ಕಿಲೋಮೀಟರು. ಅಲ್ಲಿ ಹಕ್ಕಿ ನೋಡಲು ಹೋಗುವವನಿಗೆ ಬೇಕಾದದ್ದು ಬೇಟೆಗಾರನ ಗುಣಗಳೇ: ಮೌನ, ತಾಳ್ಮೆ, ಜಾಡು ಹಿಡಿಯುವ ಕಣ್ಣು.

ನಮ್ಮ ಬಿನ್ನಹ ಇಷ್ಟೇ. ಊರಿಗೆ ರಜಕ್ಕೆ ಹೋದಾಗ ಮನೆಯ ಅಜ್ಜಂದಿರನ್ನು ಬಿಲ್ಲಿನ ಮಾತು ಕೇಳಿ. ಹೊಂಚು, ಹೆದೆ, ಬತ್ತಳಿಕೆ, ಜಾಡು ಎಂಬ ಮಾತುಗಳನ್ನು ಮಕ್ಕಳ ಕಿವಿಗೆ ಹಾಕಿ. ಪಕ್ಷಿಧಾಮಕ್ಕೆ ಕರೆದೊಯ್ದರೆ ಹಕ್ಕಿಯನ್ನು ಕನ್ನಡದ ಹೆಸರಿನಿಂದ ತೋರಿಸಿ. ಮುಂದಿನ ಅಲ್ಪಶಿಗೆ ತಿರುವನಂತಪುರಕ್ಕೆ ಹೋಗಿ, ಸದ್ದಿಲ್ಲದ ಆ ಮೆರವಣಿಗೆಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲಿ. ಬಾಣ ಎಳನೀರಿಗೆ ತಗುಲಿದಾಗ ಮಗು 'ಏನದು?' ಎಂದು ಕೇಳಿಯೇ ಕೇಳುತ್ತದೆ. ಉತ್ತರವನ್ನು ಕನ್ನಡದಲ್ಲಿ ಹೇಳಿ.